ನಿಮ್ಮ ಆಟಕ್ಕೆ ಯಾವ ಟೆನಿಸ್ ರ‍್ಯಾಕೆಟ್? ಮೊದಲು ತೋಳನ್ನು ಕೇಳಿ

ಬೆಳಿಗ್ಗೆ ಆರೂವರೆಗೆ ಕ್ಲಬ್ಬಿನಲ್ಲಿ ಡಬಲ್ಸ್ ಆಡುವ ನಮ್ಮ ಗುಂಪಿಗೆ ಹೊಸಬರು ಯಾರೇ ಸೇರಲಿ, ಎರಡನೆಯ ವಾರಕ್ಕೆ ಒಂದು ಪ್ರಶ್ನೆ ಬಂದೇ ಬರುತ್ತದೆ: “ಯಾವ ರ‍್ಯಾಕೆಟ್ ತೆಗೆದುಕೊಳ್ಳಲಿ?” ಅಷ್ಟರಲ್ಲಿ ಅವರ ಮೊಬೈಲ್‌ನಲ್ಲಿ ನಾಲ್ಕೈದು ಚಿತ್ರಗಳು ಸಿದ್ಧವಾಗಿರುತ್ತವೆ. ಒಂದು ನಡಾಲ್ ಹಿಡಿಯುತ್ತಿದ್ದದ್ದು, ಒಂದು ಫೆಡರರ್ ಹಿಡಿಯುತ್ತಿದ್ದದ್ದು, ಇನ್ನೊಂದು ರಿಯಾಯಿತಿಯಲ್ಲಿ ಸಿಗುತ್ತಿರುವುದು. ಚಿತ್ರಗಳನ್ನು ನೋಡುವ ಮೊದಲು ನಾನು ಮೂರು ವಿಷಯ ಕೇಳುತ್ತೇನೆ. ವಾರಕ್ಕೆ ಎಷ್ಟು ದಿನ ಆಡುತ್ತೀರಿ? ಚೆಂಡು ಹೊಡೆಯುವಾಗ ತೋಳು ಎಷ್ಟು ಹಿಂದಕ್ಕೆ ಹೋಗುತ್ತದೆ? ಮೊಣಕೈ, ಮಣಿಕಟ್ಟು, ಭುಜ, ಇವುಗಳಲ್ಲಿ ಯಾವುದಾದರೂ ಹಿಂದೆ ನೋವು ಕೊಟ್ಟಿದೆಯೇ?

ಮೂರನೆಯ ಪ್ರಶ್ನೆಯ ಮಹತ್ವ ನನಗೆ ನೋವು ತಿಂದು ಗೊತ್ತಾಯಿತು. ಒಂಬತ್ತು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ, ಆಗ ಎಲ್ಲರ ಬಾಯಲ್ಲಿದ್ದ ಗಡಸು ರ‍್ಯಾಕೆಟ್ ಒಂದನ್ನು ಕೊಂಡೆ. ಅದಕ್ಕೆ ಪಾಲಿಯೆಸ್ಟರ್ ಗಟ್ಟಿಂಗ್ (ತಲೆಗೆ ಹೆಣೆಯುವ ಎಳೆ), 57 ಪೌಂಡ್ ಬಿಗಿ. “ದೊಡ್ಡ ಆಟಗಾರರೆಲ್ಲ ಇದನ್ನೇ ಹಾಕಿಸುವುದು” ಎಂದರು; ನಂಬಿದೆ. ಮೊದಲ ತಿಂಗಳು ನನ್ನ ಸರ್ವ್ ಹಿಂದೆಂದೂ ಇಲ್ಲದ ವೇಗದಲ್ಲಿ ಹೋಯಿತು. ಮೂರನೆಯ ತಿಂಗಳಿಗೆ ಮೊಣಕೈಯ ಹೊರಬದಿಯಲ್ಲಿ ನೋವು ಶುರುವಾಯಿತು. ಐದನೆಯ ತಿಂಗಳಿಗೆ ಹಾಲಿನ ಪಾತ್ರೆಯನ್ನು ಒಲೆಯಿಂದ ಇಳಿಸಲು ಎಡಗೈ ಬೇಕಾಯಿತು. ಆಮೇಲೆ ಎಂಟು ತಿಂಗಳು ಅಂಕಣದ ಹೊರಗೆ ಕುಳಿತು ಬೇರೆಯವರ ಆಟ ನೋಡಿದೆ. ಆ ಅವಧಿಯಲ್ಲಿ ಓದಿ ತಿಳಿದದ್ದು, ಮತ್ತೆ ಆಟಕ್ಕೆ ಮರಳಿದ ಮೇಲೆ ಗೆಳೆಯರ ರ‍್ಯಾಕೆಟ್ ಬೇಡಿ ಪಡೆದು ಆಡಿ ಕಲಿತದ್ದು ಈ ಬರಹದಲ್ಲಿದೆ. ನನ್ನ ಮಾತು ಇಷ್ಟೇ: ಅಂಗಡಿಯಲ್ಲಿ ನಿಂತಿರುವಾಗಿನ ತಾಜಾ ತೋಳಿಗಾಗಿ ರ‍್ಯಾಕೆಟ್ ಕೊಳ್ಳಬೇಡಿ, ಮೂರನೆಯ ಸೆಟ್‌ನಲ್ಲಿ ದಣಿದಿರುವ ತೋಳಿಗಾಗಿ ಕೊಳ್ಳಿ.

ಗಿಡ್ಡ ಬೀಸು, ಉದ್ದ ಬೀಸು

ಚೆಂಡಿಗೆ ವೇಗ ಎರಡು ಕಡೆಯಿಂದ ಬರುತ್ತದೆ, ನಿಮ್ಮ ಬೀಸಿನಿಂದ ಮತ್ತು ರ‍್ಯಾಕೆಟ್‌ನಿಂದ. ಬೀಸು ಗಿಡ್ಡವೂ ನಿಧಾನವೂ ಆಗಿದ್ದರೆ ಕೊರತೆಯನ್ನು ರ‍್ಯಾಕೆಟ್ ತುಂಬಿಕೊಡಬೇಕು. ಬೀಸು ಉದ್ದವೂ ರಭಸದ್ದೂ ಆಗಿದ್ದರೆ ರ‍್ಯಾಕೆಟ್ ಕೊಡುವ ಹೆಚ್ಚಿನ ವೇಗವೇ ತೊಂದರೆ. ಚೆಂಡು ಬೇಸ್‌ಲೈನ್ ದಾಟಿ ಹಿಂದಿನ ಬೇಲಿಗೆ ಬಡಿಯುತ್ತದೆ. ಅಂಗಡಿಗಳಲ್ಲಿ ಮೊದಲನೆಯವರಿಗೆ ಬೇಕಾದದ್ದನ್ನು ಪವರ್ ರ‍್ಯಾಕೆಟ್ ಎಂದೂ ಎರಡನೆಯವರಿಗೆ ಬೇಕಾದದ್ದನ್ನು ಕಂಟ್ರೋಲ್ ರ‍್ಯಾಕೆಟ್ ಎಂದೂ ಕರೆಯುತ್ತಾರೆ. ಕೇಳುವುದಕ್ಕೆ ಎರಡನೆಯದೇ ಉತ್ತಮ ಆಟಗಾರನ ಲಕ್ಷಣವೆಂಬಂತೆ ತೋರುತ್ತದೆ. ಹಾಗಾಗಿ, ಗಿಡ್ಡ ಬೀಸಿನವರೂ ಅದನ್ನೇ ಕೊಂಡು, ಪ್ರತಿ ಚೆಂಡನ್ನೂ ದಾಟಿಸಲು ಭುಜದಿಂದ ಬಲ ಹಾಕಿ, ಒಂದು ಗಂಟೆಯೊಳಗೆ ಸುಸ್ತಾಗುವುದನ್ನು ಕಂಡಿದ್ದೇನೆ.

ನಿಮ್ಮ ಬೀಸು ಎಂಥದ್ದು ಎಂದು ನಿಮಗೇ ಕಾಣುವುದಿಲ್ಲ. ನಿಮ್ಮ ಕ್ಲಬ್ಬಿನಲ್ಲಿ ಮಾರ್ಕರ್ ಇದ್ದರೆ ಅವರನ್ನು ಕೇಳಿ. ದಿನವೂ ಹತ್ತಾರು ಸದಸ್ಯರ ಎದುರು ನಿಂತು ಚೆಂಡು ಮರಳಿಸುವ ಅವರಿಗೆ, ಯಾರ ಚೆಂಡು ಭಾರವಾಗಿ ಬರುತ್ತದೆ, ಯಾರದ್ದು ತೇಲಿಕೊಂಡು ಬರುತ್ತದೆ ಎನ್ನುವುದು ಕೈಗೇ ತಿಳಿದಿರುತ್ತದೆ. ಮಾರ್ಕರ್ ಇಲ್ಲದಿದ್ದರೆ ಮೊಬೈಲನ್ನು ಬೇಲಿಗೆ ಸಿಕ್ಕಿಸಿ ಹತ್ತು ನಿಮಿಷ ಚಿತ್ರೀಕರಿಸಿಕೊಳ್ಳಿ. ಫೋರ್‌ಹ್ಯಾಂಡ್ ಹೊಡೆದ ಮೇಲೆ ರ‍್ಯಾಕೆಟ್ ಎಡಭುಜದ ಆಚೆಗೆ ಸುತ್ತಿ ಬರುತ್ತಿದ್ದರೆ ಉದ್ದ ಬೀಸು. ಎದೆಯ ಮುಂದೆಯೇ ನಿಂತುಬಿಡುತ್ತಿದ್ದರೆ ಗಿಡ್ಡ ಬೀಸು. ಎರಡರಲ್ಲೂ ತಪ್ಪಿಲ್ಲ. ಡಬಲ್ಸ್‌ನಲ್ಲಿ ನೆಟ್ ಬಳಿ ನಿಂತು ಗೆಲ್ಲುವವರಲ್ಲಿ ಬಹಳ ಮಂದಿ ಗಿಡ್ಡ ಬೀಸಿನವರೇ.

ತಲೆಯ ಅಗಲ

ಮರದ ರ‍್ಯಾಕೆಟ್‌ಗಳ ಕಾಲದಲ್ಲಿ ತಲೆ, ಅಂದರೆ ಎಳೆ ಹೆಣೆದಿರುವ ಭಾಗ, ಸುಮಾರು 65ರಿಂದ 70 ಚದರ ಅಂಗುಲ ಇರುತ್ತಿತ್ತು. ಚೆಂಡು ನಡುಮಧ್ಯಕ್ಕೆ ತಗುಲದಿದ್ದರೆ ರ‍್ಯಾಕೆಟ್ ಕೈಯಲ್ಲೇ ತಿರುಗಿಬಿಡುತ್ತಿತ್ತು. ಲೋಹದ ಹಿಮಜಾರು ಪಟ್ಟಿಗಳನ್ನು ಮಾಡಿ ಹೆಸರಾಗಿದ್ದ ಹೋವರ್ಡ್ ಹೆಡ್ 1976ರಲ್ಲಿ ಪ್ರಿನ್ಸ್ ಕಂಪನಿಯಿಂದ 110 ಚದರ ಅಂಗುಲದ ಅಲ್ಯೂಮಿನಿಯಂ ರ‍್ಯಾಕೆಟ್ ತಂದರು. ಅಲ್ಲಿಂದ ಆಟವೇ ಬದಲಾಯಿತು. ಈಗ ಅಂಗಡಿಯಲ್ಲಿ ಸಿಗುವುದು 95ರಿಂದ 110ರ ನಡುವೆ. ತಲೆ ಅಗಲವಾದಷ್ಟೂ ನಡು ತಪ್ಪಿದ ಹೊಡೆತಕ್ಕೆ ಕ್ಷಮೆ ಹೆಚ್ಚು, ಚೆಂಡಿಗೆ ಬಲವೂ ಹೆಚ್ಚು. ಕಿರಿದಾದಷ್ಟೂ ಗುರಿ ಖಚಿತ, ಆದರೆ ಪ್ರತಿ ಸಲವೂ ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ನಿಂತಿರಬೇಕು.

ಅಮೆರಿಕದ ಪೀಟ್ ಸಾಂಪ್ರಾಸ್ 85 ಚದರ ಅಂಗುಲದ ರ‍್ಯಾಕೆಟ್ ಹಿಡಿದೇ 2002ರ ಯುಎಸ್ ಓಪನ್ ಗೆದ್ದರು ಎನ್ನುವುದನ್ನು ಕೆಲವರು ಕಿರಿಯ ತಲೆಯ ಪರವಾಗಿ ಹೇಳುತ್ತಾರೆ. ನಾನು ಅವರಿಗೆ ಫೆಡರರ್ ಅವರನ್ನು ನೆನಪಿಸುತ್ತೇನೆ. 90ರ ತಲೆಯಲ್ಲೇ ಹದಿನೇಳು ಗ್ರ್ಯಾನ್‌ಸ್ಲಾಮ್ ಗೆದ್ದಿದ್ದವರು, 2014ರಲ್ಲಿ 97ಕ್ಕೆ ಬಂದರು. ಒಂದು ಕೈಯ ಬ್ಯಾಕ್‌ಹ್ಯಾಂಡಿಗೆ ಭುಜದೆತ್ತರಕ್ಕೆ ಪುಟಿದು ಬರುವ ಚೆಂಡನ್ನು ಎದುರಿಸಲು ಆ ಏಳು ಚದರ ಅಂಗುಲ ನೆರವಾಯಿತು. 2017ರ ಆಸ್ಟ್ರೇಲಿಯನ್ ಓಪನ್, ಅದೇ ವರ್ಷದ ವಿಂಬಲ್ಡನ್, 2018ರ ಆಸ್ಟ್ರೇಲಿಯನ್ ಓಪನ್ ಬಂದದ್ದು ಅದರ ನಂತರ. ಅವರೇ ದೊಡ್ಡ ತಲೆಗೆ ಹೋಗಲು ಹಿಂಜರಿಯಲಿಲ್ಲ ಎಂದ ಮೇಲೆ ನಾವು ಯಾಕೆ ಹಿಂಜರಿಯಬೇಕು?

ನನ್ನ ಶಿಫಾರಸು: ಮೊದಲ ಒಳ್ಳೆಯ ರ‍್ಯಾಕೆಟ್ ಕೊಳ್ಳುತ್ತಿರುವವರಿಗೆ 100. ಹತ್ತು ವರ್ಷ ಆಡಿ, ವಾರಕ್ಕೆ ನಾಲ್ಕು ದಿನ ಸಿಂಗಲ್ಸ್ ಆಡುವ, ರಭಸದ ಬೀಸಿನವರಿಗೆ 98. ಐವತ್ತೈದು ದಾಟಿ ಡಬಲ್ಸ್ ಮಾತ್ರ ಆಡುವವರು 104ರಿಂದ 107ರವರೆಗಿನದನ್ನು ಧೈರ್ಯವಾಗಿ ಹಿಡಿಯಬಹುದು. ಸೆರೆನಾ ವಿಲಿಯಮ್ಸ್ ಕೂಡ 104ರ ತಲೆಯಿದ್ದ ರ‍್ಯಾಕೆಟ್‌ನಲ್ಲಿ ಆಡಿದವರು. ದೊಡ್ಡ ತಲೆ ಕಲಿಯುವವರಿಗೆ ಮಾತ್ರ ಎನ್ನುವ ಮಾತಿಗೆ ಕಿವಿಗೊಡಬೇಡಿ.

ತೂಕ: ಎಲ್ಲರೂ ಎಡವುವ ಜಾಗ

ಅಂಗಡಿಯಲ್ಲಿ ಎರಡು ರ‍್ಯಾಕೆಟ್ ಎತ್ತಿ ನೋಡಿದರೆ ಹಗುರವಾದದ್ದೇ ಹಿತವೆನಿಸುತ್ತದೆ. ನಮ್ಮಲ್ಲಿ ಈ ಸೆಳೆತ ಇನ್ನೂ ಹೆಚ್ಚು. ಕರ್ನಾಟಕದಲ್ಲಿ ಟೆನಿಸ್‌ಗೆ ಬರುವ ಅನೇಕರು ಅದಕ್ಕೂ ಮೊದಲು ಶಟಲ್ ಬ್ಯಾಡ್ಮಿಂಟನ್ ಅಥವಾ ಬಾಲ್ ಬ್ಯಾಡ್ಮಿಂಟನ್ ಆಡಿದವರು. ಶಟಲ್ ರ‍್ಯಾಕೆಟ್ ತೂಗುವುದು 80ರಿಂದ 90 ಗ್ರಾಂ. ಹೊಡೆತವೆಲ್ಲ ಮುಂಗೈ ಮತ್ತು ಮಣಿಕಟ್ಟಿನ ಕೊಡವಿಕೆಯಲ್ಲಿ. ಅದೇ ಅಭ್ಯಾಸದಲ್ಲಿ 255 ಗ್ರಾಮಿನ ಟೆನಿಸ್ ರ‍್ಯಾಕೆಟ್ ಹಿಡಿದು, ಅದೇ ರೀತಿ ಮಣಿಕಟ್ಟು ಕೊಡವುತ್ತಾರೆ. ಆದರೆ ಟೆನಿಸ್ ಚೆಂಡು 5 ಗ್ರಾಮಿನ ಶಟಲ್ ಅಲ್ಲ, 57 ಗ್ರಾಂ ಆಸುಪಾಸಿನ ರಬ್ಬರ್ ಚೆಂಡು. ಅದು ರಭಸದಿಂದ ಬಂದು ತಗುಲಿದಾಗ ಹಗುರವಾದ ಚೌಕಟ್ಟು ಹಿಂದಕ್ಕೆ ಒದರುತ್ತದೆ. ಒದರಿದ್ದನ್ನು ತಡೆದುಕೊಳ್ಳುವುದು ಮಣಿಕಟ್ಟು ಮತ್ತು ಮೊಣಕೈ. ಭಾರವಾದ ರ‍್ಯಾಕೆಟ್ ಆ ಆಘಾತದ ಬಹುಭಾಗವನ್ನು ತಾನೇ ನುಂಗಿಕೊಳ್ಳುತ್ತದೆ. ಮೊಣಕೈ ನೋವೆಂದು ಇನ್ನೂ ಹಗುರವಾದ ರ‍್ಯಾಕೆಟ್‌ಗೆ ಹೋಗಿ ನೋವು ಹೆಚ್ಚಿಸಿಕೊಂಡ ಇಬ್ಬರನ್ನು ನಾನು ಹತ್ತಿರದಿಂದ ಬಲ್ಲೆ. ಅವರಿಗೆ ಯಾರೂ ಇದನ್ನು ಹೇಳಿರಲಿಲ್ಲ. ಇದನ್ನು ಬರೆಯಲು ಅದೂ ಒಂದು ಕಾರಣ.

ಹಾಗೆಂದು ಭಾರದ್ದೇ ಮೇಲು ಎಂದಲ್ಲ. ಫೆಡರರ್ ಹೆಸರಿನಲ್ಲಿ ಬಂದಿದ್ದ ಪ್ರೋ ಸ್ಟಾಫ್ ಆರ್‌ಎಫ್97 ಗಟ್ಟಿಂಗ್ ಇಲ್ಲದೆಯೇ 340 ಗ್ರಾಂ ಇತ್ತು. ಅದನ್ನು ಕೊಂಡವರು ಮೊದಲ ಸೆಟ್‌ನಲ್ಲಿ ಸೊಗಸಾಗಿ ಆಡುತ್ತಾರೆ. ಎರಡನೆಯ ಸೆಟ್ ಅರ್ಧಕ್ಕೆ ಬರುವಾಗ ಚೆಂಡಿಗೆ ತಡವಾಗಿ ತಲುಪುತ್ತಾರೆ. ತಡವಾಗಿ ಹೊಡೆದ ಚೆಂಡೂ ಮೊಣಕೈಯನ್ನೇ ಹಿಂಡುತ್ತದೆ. ಸೆಟ್ ಮುಗಿಯುವವರೆಗೂ ಸರಿಯಾದ ಹೊತ್ತಿಗೆ ಬೀಸಲು ಆಗುವಂಥದ್ದರಲ್ಲಿ ಎಲ್ಲಕ್ಕಿಂತ ಭಾರವಾದದ್ದು ಯಾವುದೋ ಅದು ನಿಮ್ಮದು. ಆರೋಗ್ಯವಂತ ಗಂಡಸರಿಗೆ ಸಾಮಾನ್ಯವಾಗಿ 295ರಿಂದ 305 ಗ್ರಾಂ, ಹೆಂಗಸರಿಗೂ ಹದಿಹರೆಯದವರಿಗೂ 275ರಿಂದ 290 ಗ್ರಾಂ ಎನ್ನುವುದು ಆರಂಭದ ಲೆಕ್ಕ. ಕಟ್ಟುಮಸ್ತಾದ ಹೆಣ್ಣುಮಗಳೊಬ್ಬಳು 300 ಗ್ರಾಮನ್ನು ಸಲೀಸಾಗಿ ಬೀಸುವುದುಂಟು, ಅರವತ್ತರ ಗಂಡಸಿಗೆ 285 ಸಾಕಾಗುವುದುಂಟು.

ಒಂದು ಎಚ್ಚರಿಕೆ. ಬರೆದಿರುವ ತೂಕ ಗಟ್ಟಿಂಗ್ ಇಲ್ಲದ್ದು. ಗಟ್ಟಿಂಗ್ ಹಾಕಿದರೆ ಸುಮಾರು 15 ಗ್ರಾಂ, ಹಿಡಿಯ ಮೇಲೊಂದು ಓವರ್‌ಗ್ರಿಪ್ ಸುತ್ತಿದರೆ 5 ಗ್ರಾಂ ಸೇರುತ್ತದೆ. 300ರದ್ದು ಅಂಕಣಕ್ಕೆ ಇಳಿಯುವಾಗ 320 ಆಗಿರುತ್ತದೆ.

ತೂಕದಷ್ಟೇ ಮುಖ್ಯವಾದದ್ದು ಆ ತೂಕ ಎಲ್ಲಿದೆ ಎನ್ನುವುದು. ಸುತ್ತಿಗೆಯನ್ನು ಹಿಡಿಯ ಕಡೆ ಹಿಡಿದು ಬೀಸಿ. ಆಮೇಲೆ ಅದನ್ನೇ ತಲೆಯ ಕಡೆ ಹಿಡಿದು ಬೀಸಿ. ತೂಕ ಒಂದೇ, ಆದರೆ ಎರಡನೆಯ ಸಲ ಹೂವಿನಂತೆ ಹಗುರ. ರ‍್ಯಾಕೆಟ್‌ನ ಉದ್ದ 68.5 ಸೆಂಟಿಮೀಟರ್, ಸರಿಯಾದ ನಡು 34.25. ತೂಗುಬಿಂದು (ಬೆರಳ ಮೇಲಿಟ್ಟರೆ ಸಮನಾಗಿ ನಿಲ್ಲುವ ಜಾಗ) ಹಿಡಿಯ ತುದಿಯಿಂದ 32 ಸೆಂಟಿಮೀಟರ್ ಎಂದಿದ್ದರೆ ಭಾರ ಹಿಡಿಯ ಕಡೆ ಇದೆ ಎಂದರ್ಥ. 300 ಗ್ರಾಮಿನ ಹೆಚ್ಚಿನ ರ‍್ಯಾಕೆಟ್‌ಗಳು ಹೀಗೇ ಇರುತ್ತವೆ. ತೀರಾ ಹಗುರವಾದವುಗಳಲ್ಲಿ ಚೆಂಡಿಗೆ ಬಲ ಬರಲೆಂದು ಭಾರವನ್ನು ತಲೆಯ ಕಡೆಗೆ ಸರಿಸಿರುತ್ತಾರೆ. ಕೈಯಲ್ಲಿ ಹಿಡಿದಾಗ ಹಗುರ, ಬೀಸಿದಾಗ ಭಾರ. ವಾಲಿ, ಅಂದರೆ ಚೆಂಡು ಪುಟಿಯುವ ಮೊದಲೇ ಹೊಡೆಯುವ ಹೊಡೆತ, ಆಡುವಾಗ ಇದು ಕಾಡುತ್ತದೆ. ಬೆರಳ ಮೇಲೆ ರ‍್ಯಾಕೆಟ್ ನಿಲ್ಲಿಸಿ ನೋಡಿದರೆ ಅಂಗಡಿಯಲ್ಲೇ ಇದು ಗೊತ್ತಾಗುತ್ತದೆ.

ಗಡಸು, ಮೆದು: ಆರು ರ‍್ಯಾಕೆಟ್‌ಗಳ ನಡುವೆ

ಚೆಂಡು ತಗುಲಿದಾಗ ಚೌಕಟ್ಟು ಕೂದಲೆಳೆಯಷ್ಟು ಬಾಗುತ್ತದೆ. ಬಾಗದ ಗಡಸು ಚೌಕಟ್ಟು ಚೆಂಡಿಗೆ ಹೆಚ್ಚು ಬಲ ಹಿಂದಿರುಗಿಸುತ್ತದೆ, ಜೊತೆಗೆ ತೋಳಿಗೆ ಹೆಚ್ಚು ನಡುಕ ಕಳಿಸುತ್ತದೆ. ಇದನ್ನು ಅಳೆಯುವ ಆರ್‌ಎ ಎನ್ನುವ ಅಂಕಿ ಇದೆ; 60ಕ್ಕಿಂತ ಕಡಿಮೆ ಇದ್ದರೆ ಮೆದು, 68 ದಾಟಿದರೆ ಗಡಸು ಎಂದಿಟ್ಟುಕೊಳ್ಳಿ. ಸುಲಭದ ಗುರುತು ಚೌಕಟ್ಟಿನ ದಪ್ಪ: 21 ಮಿಲಿಮೀಟರಿನ ತೆಳು ಚೌಕಟ್ಟು ಸಾಮಾನ್ಯವಾಗಿ ಬಾಗುತ್ತದೆ, 26 ಮಿಲಿಮೀಟರಿನದು ಬಾಗುವುದಿಲ್ಲ.

ಬಾಬೊಲಾಟ್ ಪ್ಯೂರ್ ಡ್ರೈವ್‌ನಿಂದ ಶುರುಮಾಡುತ್ತೇನೆ, ಏಕೆಂದರೆ ಅಂಗಡಿಯವರೂ ಅದರಿಂದಲೇ ಶುರುಮಾಡುತ್ತಾರೆ. 1994ರಲ್ಲಿ ಬಂತು, ಸ್ಪೇನಿನ ಕಾರ್ಲೋಸ್ ಮೋಯಾ ಇದನ್ನು ಹಿಡಿದು 1998ರ ಫ್ರೆಂಚ್ ಓಪನ್ ಗೆದ್ದ ಮೇಲೆ ಜಗತ್ತಿನ ಕಣ್ಣಿಗೆ ಬಿತ್ತು. 100 ಚದರ ಅಂಗುಲ, 300 ಗ್ರಾಂ, ನಡುವೆ 26 ಮಿಲಿಮೀಟರಿನ ದಪ್ಪ. ಸರ್ವ್‌ಗೆ ಇದರಷ್ಟು ನೆರವಾಗುವ ರ‍್ಯಾಕೆಟ್ ನಾನು ಹಿಡಿದಿಲ್ಲ. ಗಡಸುತನವೂ ಅಷ್ಟೇ. ಇಪ್ಪತ್ತೈದರ ತೋಳಿಗೆ ಇದು ಹಬ್ಬ. ಮೊಣಕೈ ಒಮ್ಮೆ ನೊಂದಿರುವವರು ಮುಟ್ಟದಿರುವುದು ಕ್ಷೇಮ.

ಅದೇ ಮನೆಯ ಪ್ಯೂರ್ ಏರೋ ನಡಾಲ್ ಅವರ ಆಟಕ್ಕೆ ಬೆಸೆದುಕೊಂಡ ಹೆಸರು. ತಲೆ, ತೂಕ ಎರಡೂ ಡ್ರೈವ್‌ನಷ್ಟೇ. ಚೌಕಟ್ಟಿನ ಆಕಾರವನ್ನು ಗಾಳಿ ಸೀಳುವಂತೆ ಮಾಡಿರುವುದರಿಂದ ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿ ಟಾಪ್‌ಸ್ಪಿನ್ ಹಾಕುವವರಿಗೆ ಹೇಳಿ ಮಾಡಿಸಿದಂತಿದೆ. ಚೆಂಡನ್ನು ಚಪ್ಪಟೆಯಾಗಿ ನೇರಕ್ಕೆ ಹೊಡೆಯುವವರಿಗೆ ಇದರಿಂದ ಲಾಭ ಕಡಿಮೆ. ಚೆಂಡು ಉಜ್ಜುವುದನ್ನು ರ‍್ಯಾಕೆಟ್ ಕಲಿಸುವುದಿಲ್ಲ.

ವಿಲ್ಸನ್ ಬ್ಲೇಡ್ 98 ಇದರ ಎದುರು ತುದಿ. 305 ಗ್ರಾಂ, 21 ಮಿಲಿಮೀಟರಿನ ತೆಳು ಚೌಕಟ್ಟು. ಚೆಂಡು ಎಲ್ಲಿ ತಗುಲಿತು ಎನ್ನುವುದು ಅಂಗೈಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ವಾಲಿ, ಚೆಂಡಿನ ಅಡಿಯನ್ನು ಕೊಯ್ದಂತೆ ಹೊಡೆಯುವ ಸ್ಲೈಸ್ ಎರಡೂ ಇಟ್ಟ ಜಾಗಕ್ಕೆ ಹೋಗುತ್ತವೆ. ಬಲ ಮಾತ್ರ ನೀವೇ ತರಬೇಕು. ಇದು ಎರಡು ಬಗೆಯ ಹೆಣಿಗೆಯಲ್ಲಿ ಸಿಗುತ್ತದೆ: 16 ಉದ್ದೆಳೆ 19 ಅಡ್ಡೆಳೆಯದ್ದು, 18 ಉದ್ದೆಳೆ 20 ಅಡ್ಡೆಳೆಯದ್ದು. ಎಳೆಗಳ ನಡುವಿನ ಕಿಂಡಿ ದೊಡ್ಡದಿದ್ದಷ್ಟೂ ಚೆಂಡು ಒಳಕ್ಕೆ ಕಚ್ಚಿಕೊಂಡು ಸ್ಪಿನ್ ಹೆಚ್ಚು. ಒತ್ತಾಗಿದ್ದಷ್ಟೂ ಚೆಂಡು ತಗ್ಗಾಗಿ, ನೇರವಾಗಿ ಹೋಗುತ್ತದೆ, ಎಳೆಗಳೂ ಹೆಚ್ಚು ಕಾಲ ಬಾಳುತ್ತವೆ. ಗೊಂದಲವಿದ್ದರೆ 16 ಮತ್ತು 19 ತೆಗೆದುಕೊಳ್ಳಿ.

2019ರಲ್ಲಿ ಬಂದ ವಿಲ್ಸನ್ ಕ್ಲ್ಯಾಶ್ 100 ನನ್ನನ್ನು ಮತ್ತೆ ಅಂಕಣಕ್ಕೆ ಕರೆತಂದ ರ‍್ಯಾಕೆಟ್. 295 ಗ್ರಾಂ; ದಪ್ಪವಾಗಿದ್ದೂ ಬಾಗುತ್ತದೆ, ಆರ್‌ಎ 55ರ ಆಸುಪಾಸು. ಪ್ಯೂರ್ ಡ್ರೈವ್ ಕೆಳಗಿಟ್ಟು ಇದನ್ನು ಎತ್ತಿಕೊಂಡರೆ, ಕಲ್ಲುಹಾಸಿನ ರಸ್ತೆಯಿಂದ ಮಣ್ಣುದಾರಿಗೆ ಇಳಿದ ಹಾಗೆ. ಕೊರತೆಯೂ ಇದೆ: ಎದುರಾಳಿ ರಭಸದಿಂದ ಹೊಡೆದಾಗ ತಲೆ ಕೊಂಚ ಅಲುಗುತ್ತದೆ, ಚೆಂಡು ಎಲ್ಲಿಗೆ ಹೋಗುತ್ತದೆ ಎನ್ನುವುದರಲ್ಲಿ ಬ್ಲೇಡ್‌ನಷ್ಟು ಭರವಸೆ ಇಲ್ಲ. ನನಗೆ ಆ ಕೊರತೆ ಒಪ್ಪಿಗೆ.

ನಡುವಿನ ದಾರಿಯಲ್ಲಿ ಎರಡನ್ನು ಹೇಳುತ್ತೇನೆ. ಯೋನೆಕ್ಸ್ ಈಜೋನ್ 100 ಬಲದಲ್ಲಿ ಪ್ಯೂರ್ ಡ್ರೈವ್‌ಗೆ ಹತ್ತಿರ, ಆದರೆ ತಗುಲಿದಾಗಿನ ಅನುಭವ ಅದಕ್ಕಿಂತ ನಯ. ಯೋನೆಕ್ಸ್‌ನ ತಲೆ ಮೇಲ್ಭಾಗದಲ್ಲಿ ದುಂಡಗಿರದೆ ಚೌಕವಾಗಿರುವುದರಿಂದ ತುದಿಗೆ ತಗುಲಿದ ಚೆಂಡೂ ಸತ್ತು ಬೀಳುವುದಿಲ್ಲ. ಹೆಡ್ ಸ್ಪೀಡ್ ಎಂಪಿ, 100 ಚದರ ಅಂಗುಲ, 300 ಗ್ರಾಂ, 23 ಮಿಲಿಮೀಟರ್, ಯಾವುದರಲ್ಲೂ ಅತಿಗೆ ಹೋಗದ್ದು. ಎಲ್ಲ ಬಗೆಯ ಆಟವನ್ನೂ ಸ್ವಲ್ಪ ಸ್ವಲ್ಪ ಆಡುವವರು ಕಣ್ಣುಮುಚ್ಚಿ ಕೊಳ್ಳಬಹುದಾದದ್ದು ಎಂದರೆ ಇದೇ. ಇದನ್ನು ಜೊಕೊವಿಚ್ ಹೆಸರಿನಲ್ಲಿ ಮಾರುತ್ತಾರೆ. ಆದರೆ ಅವರ ಕೈಯಲ್ಲಿರುವುದು ಅವರಿಗೆಂದೇ ಮಾಡಿಸಿದ, ಬಣ್ಣದಲ್ಲಿ ಮಾತ್ರ ಇದನ್ನು ಹೋಲುವ ರ‍್ಯಾಕೆಟ್. ದೊಡ್ಡ ಆಟಗಾರರಲ್ಲಿ ಬಹಳ ಮಂದಿಯ ಮಾತು ಹೀಗೇ: ಹಳೆಯ ಅಚ್ಚಿನ ಚೌಕಟ್ಟಿಗೆ ಹೊಸ ಬಣ್ಣ, ತಲೆಯಲ್ಲಿ ಸೀಸದ ಪಟ್ಟಿ, ಹಿಡಿಯೊಳಗೆ ಸಿಲಿಕೋನ್.

ಇವುಗಳಲ್ಲಿ ಹೆಚ್ಚಿನವುಗಳಿಗೆ 280ರಿಂದ 285 ಗ್ರಾಮಿನ ಆಸುಪಾಸಿನ ಹಗುರ ಜೋಡಿಗಳಿವೆ. ಹೆಸರಿನ ಕೊನೆಗೆ ‘ಎಲ್’ ಅಥವಾ ‘ಟೀಮ್’ ಎಂದಿರುತ್ತದೆ. ಮೇಲಿನ ಹೋಲಿಕೆ ಅವುಗಳಿಗೂ ಬಹುಮಟ್ಟಿಗೆ ಹೊಂದುತ್ತದೆ.

ಅರ್ಧ ರ‍್ಯಾಕೆಟ್ ಎಂದರೆ ಗಟ್ಟಿಂಗ್

ಹದಿನೈದು ಸಾವಿರಕ್ಕೂ ಹೆಚ್ಚು ಕೊಟ್ಟು ರ‍್ಯಾಕೆಟ್ ತಂದು, ಗಟ್ಟಿಂಗ್ ಎಂದ ಕೂಡಲೇ “ಯಾವುದಾದರೂ ಹಾಕಿ” ಎನ್ನುವವರನ್ನು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಚೆಂಡು ಮುಟ್ಟುವುದು ಚೌಕಟ್ಟನ್ನಲ್ಲ, ಎಳೆಗಳನ್ನು. ಅದೂ ಒಂದು ಸೆಕೆಂಡಿನ ಸಾವಿರದಲ್ಲಿ ನಾಲ್ಕೈದು ಪಾಲಿನಷ್ಟು ಹೊತ್ತು ಮಾತ್ರ.

ಪಾಲಿಯೆಸ್ಟರ್ ಎಳೆ ಖ್ಯಾತಿಗೆ ಬಂದದ್ದು 1997ರಲ್ಲಿ. ಬ್ರೆಜಿಲ್‌ನ ಗುಸ್ತಾವೊ ಕುಯೆರ್ಟೆನ್ ಲಕ್ಸಿಲಾನ್ ಕಂಪನಿಯ ಈ ಎಳೆ ಹಾಕಿಸಿಕೊಂಡು, ಶ್ರೇಯಾಂಕವೇ ಇಲ್ಲದೆ ಬಂದು ಫ್ರೆಂಚ್ ಓಪನ್ ಗೆದ್ದರು. ಈ ಎಳೆ ಗಡಸು, ನುಣುಪು. ರಭಸದ ಬೀಸಿಗೆ ಅದು ಪಕ್ಕಕ್ಕೆ ಜಾರಿ ಮತ್ತೆ ತನ್ನ ಜಾಗಕ್ಕೆ ಚಿಮ್ಮುತ್ತದೆ. ಆ ಚಿಮ್ಮುವಿಕೆಯೇ ಚೆಂಡಿಗೆ ಸ್ಪಿನ್ ಕೊಡುತ್ತದೆ. ಬೀಸು ನಿಧಾನವಾಗಿದ್ದರೆ ಎಳೆ ಜಾರುವುದೂ ಇಲ್ಲ, ಚಿಮ್ಮುವುದೂ ಇಲ್ಲ. ಲಾಭ ಶೂನ್ಯ, ಆಘಾತ ಪೂರ್ತಿ. ಇನ್ನೊಂದು ದೋಷ, ಅದು ತುಂಡಾಗುವ ಬಹಳ ಮೊದಲೇ ಸತ್ತಿರುತ್ತದೆ. ತುಂಡಾಗಿಲ್ಲವಲ್ಲ ಎಂದು ಆರು ತಿಂಗಳು ಅದರಲ್ಲೇ ಆಡಿದರೆ ತೋಳು ಲೆಕ್ಕ ಕೇಳುತ್ತದೆ.

ಗಿಡ್ಡ ಬೀಸಿನವರಿಗೆ, ನಲವತ್ತು ದಾಟಿದವರಿಗೆ, ನೋವಿನ ಚರಿತ್ರೆ ಇರುವವರಿಗೆ ಮಲ್ಟಿಫಿಲಮೆಂಟ್. ಸಾವಿರಾರು ನವುರು ನೂಲುಗಳನ್ನು ಹೊಸೆದು ಮಾಡಿದ ಎಳೆ ಇದು, ಮೆತ್ತಗಿರುತ್ತದೆ. ಹಣ ಉಳಿಸಬೇಕಿದ್ದರೆ ಸಿಂಥೆಟಿಕ್ ಗಟ್ ಎಂದು ಮಾರುವ ನೈಲಾನ್ ಎಳೆಯೂ ಒಳ್ಳೆಯದೇ. ಅದರಲ್ಲೇ ವರ್ಷಗಟ್ಟಲೆ ಆಡಿದವರಿದ್ದಾರೆ. ಎಲ್ಲಕ್ಕಿಂತ ಮೃದುವಾದದ್ದು, ಬಿಗಿಯನ್ನು ಹೆಚ್ಚು ಕಾಲ ಉಳಿಸಿಕೊಳ್ಳುವುದು ನ್ಯಾಚುರಲ್ ಗಟ್. ಆದರೆ ಅದು ತಯಾರಾಗುವುದು ಹಸುವಿನ ಕರುಳಿನಿಂದ. ಇದು ಗೊತ್ತಿದ್ದೇ ಕೊಳ್ಳುವುದು ಸರಿ. ಬೆಲೆ ಬಹಳ, ಮತ್ತು ಮಂಗಳೂರು, ಉಡುಪಿಯ ಮಳೆಗಾಲದ ತೇವಕ್ಕೆ ಅದು ಬೇಗ ಹಾಳಾಗುತ್ತದೆ. ಕರಾವಳಿಯವರು ಅದರ ಆಸೆ ಬಿಡುವುದು ಮೇಲು.

ಬಿಗಿ ಎಷ್ಟು? ಸಡಿಲವಾದಷ್ಟೂ ಚೆಂಡು ದೂರ ಹೋಗುತ್ತದೆ, ತೋಳಿಗೂ ಹಿತ. ಬಿಗಿಯಾದಷ್ಟೂ ಚೆಂಡು ಅಂಕಣದೊಳಗೆ ಉಳಿಯುತ್ತದೆ. ನೈಲಾನ್, ಮಲ್ಟಿಫಿಲಮೆಂಟ್‌ಗೆ 52ರಿಂದ 55 ಪೌಂಡ್, ಪಾಲಿಯೆಸ್ಟರ್‌ಗೆ 46ರಿಂದ 50 ಪೌಂಡ್ ಎಂದು ಆರಂಭಿಸಿ, ಮುಂದಿನ ಸಲ ಎರಡೆರಡೇ ಪೌಂಡ್ ಆಚೀಚೆ ಮಾಡಿ. ಗಟ್ಟಿಂಗ್ ಹಾಕುವವರಿಗೆ ಬರೀ “ಬಿಗಿಯಾಗಿ ಹಾಕಿ” ಎನ್ನದೆ ಸಂಖ್ಯೆ ಹೇಳಿ. ಹಾಕಿಸಿದ ದಿನಾಂಕ, ಪೌಂಡ್ ಎರಡನ್ನೂ ಚಿಕ್ಕ ಚೀಟಿಯಲ್ಲಿ ಬರೆದು ರ‍್ಯಾಕೆಟ್‌ನ ಕತ್ತಿನ ಒಳಬದಿಗೆ ಅಂಟಿಸಿ. ವಾರಕ್ಕೆ ಎಷ್ಟು ದಿನ ಆಡುತ್ತೀರೋ ವರ್ಷಕ್ಕೆ ಅಷ್ಟು ಸಲ ಎಳೆ ಬದಲಿಸಬೇಕೆಂಬುದು ಹಳೆಯ ಲೆಕ್ಕ. ಪಾಲಿಯೆಸ್ಟರ್‌ಗೆ ಅದೂ ಸಾಲದು.

ಬೆಂಗಳೂರಿನವರು ಇಲ್ಲಿ ಇನ್ನೊಂದು ಸಂಗತಿ ತಿಳಿದಿರಬೇಕು. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಶೇ 8ರಷ್ಟು ಕಡಿಮೆ. ಗಾಳಿ ಕಡಿಮೆ ತಡೆಯುವುದರಿಂದ ಚೆಂಡು ಹೆಚ್ಚು ದೂರ ಹೋಗುತ್ತದೆ, ಪುಟಿತವೂ ಚುರುಕು. ಅಂತರರಾಷ್ಟ್ರೀಯ ಟೆನಿಸ್ ನಿಯಮದಲ್ಲಿ ಎತ್ತರದ ಊರುಗಳಿಗೆ ಬೇರೆ ಬಗೆಯ ಚೆಂಡು ಇದೆ, ಆದರೆ ಅದು 1,219 ಮೀಟರ್ ದಾಟಿದ ಜಾಗಗಳಿಗೆ. ಮಡಿಕೇರಿ ಕೂಡ ಆ ಗೆರೆಯ ತುಸು ಕೆಳಗೇ ಉಳಿಯುತ್ತದೆ. ಹಾಗಾಗಿ ನಾವು ಸಾಮಾನ್ಯ ಚೆಂಡಿನಲ್ಲೇ ಆಡುತ್ತೇವೆ, ಅದು ಹಾರುತ್ತದೆ. ಕಬ್ಬನ್ ಪಾರ್ಕಿನ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಗಟ್ಟಿ ಅಂಕಣದಲ್ಲಿ ಆಡಲು ಚೆನ್ನೈಯಿಂದಲೋ ಮಂಗಳೂರಿನಿಂದಲೋ ಬಂದವರ ಮೊದಲ ದಿನದ ಹೊಡೆತಗಳು ಗೆರೆಯಾಚೆ ಬೀಳುವುದಕ್ಕೆ ಕಾರಣ ಇದು. ಬೆಂಗಳೂರು, ಮೈಸೂರು, ಕೊಡಗಿನಲ್ಲಿ ಆಡುವವರು ಒಂದೆರಡು ಪೌಂಡ್ ಹೆಚ್ಚು ಬಿಗಿ ಹಾಕಿಸುವುದರಲ್ಲಿ ಅರ್ಥವಿದೆ. ರ‍್ಯಾಕೆಟ್ ಆಯ್ಕೆಯಲ್ಲೂ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಪ್ಯೂರ್ ಡ್ರೈವ್ ಮತ್ತು ಸ್ಪೀಡ್ ನಡುವೆ ತೂಗಾಡುತ್ತಿರುವ ಬೆಂಗಳೂರಿನವರಿಗೆ ನಾನು ಸ್ಪೀಡ್ ಎನ್ನುತ್ತೇನೆ. ಅದೇ ಪ್ರಶ್ನೆ ಕಾರವಾರದಿಂದ ಬಂದರೆ ಪ್ಯೂರ್ ಡ್ರೈವ್ ಎಂದೇನು.

ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ರ‍್ಯಾಕೆಟ್ಟನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಬಿಸಿಗೆ ಎಳೆಗಳ ಬಿಗಿ ಇಳಿದುಹೋಗುತ್ತದೆ. ಎಳೆಗಳ ನಡುವೆ ಸಿಕ್ಕಿಸುವ ರಬ್ಬರ್ ಗುಂಡಿ ಸದ್ದನ್ನು ತಗ್ಗಿಸುತ್ತದೆಯೇ ಹೊರತು ಮೊಣಕೈಗೆ ಹೋಗುವ ಆಘಾತವನ್ನಲ್ಲ.

ಹಿಡಿ, ಮತ್ತು ಮಕ್ಕಳ ರ‍್ಯಾಕೆಟ್

ಹಿಡಿಯ ಸುತ್ತಳತೆಗೆ ಒಂದು ಸಣ್ಣ ಪರೀಕ್ಷೆ ಸಾಕು. ರ‍್ಯಾಕೆಟ್ ಹಿಡಿದುಕೊಳ್ಳಿ, ಉಂಗುರ ಬೆರಳ ತುದಿಗೂ ಅಂಗೈಯ ದಿಂಡಿಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಹಿತವಾಗಿ ಕೂರಬೇಕು. ನಮ್ಮಲ್ಲಿ ಹೆಚ್ಚಿನವರಿಗೆ 2 ಅಥವಾ 3 ಎಂದು ಗುರುತು ಹಾಕಿರುವ ಅಳತೆ ಸರಿಹೋಗುತ್ತದೆ. ಎರಡರ ನಡುವೆ ಅನುಮಾನವಿದ್ದರೆ ಚಿಕ್ಕದನ್ನು ಕೊಳ್ಳಿ. ಓವರ್‌ಗ್ರಿಪ್ ಸುತ್ತಿ ದಪ್ಪ ಮಾಡಬಹುದು, ದಪ್ಪವನ್ನು ತೆಳು ಮಾಡುವುದು ಕಷ್ಟ.

ಮಕ್ಕಳ ವಿಷಯದಲ್ಲಿ ತಂದೆತಾಯಂದಿರಿಗೆ ಕಳಕಳಿಯಿಂದ ಒಂದು ಮಾತು. ಬೆಳೆಯುವ ಮಗು, ಮುಂದಕ್ಕೂ ಆಗಲಿ ಎಂದು ಅಂಗಿ ಕೊಳ್ಳುವ ಹಾಗೆ ದೊಡ್ಡ ರ‍್ಯಾಕೆಟ್ ಕೊಳ್ಳಬೇಡಿ. ಮಕ್ಕಳದ್ದು 19, 21, 23, 25, 26 ಅಂಗುಲದ ಉದ್ದಗಳಲ್ಲಿ ಬರುತ್ತದೆ, ದೊಡ್ಡವರದ್ದು 27. ಮಗು ನೆಟ್ಟಗೆ ನಿಂತು ಕೈಯನ್ನು ಪಕ್ಕಕ್ಕೆ ಇಳಿಬಿಟ್ಟು ರ‍್ಯಾಕೆಟ್ ಹಿಡಿದರೆ ತುದಿ ನೆಲವನ್ನು ಮುಟ್ಟಿಯೂ ಮುಟ್ಟದಂತಿರಬೇಕು. ಚೆಂಡಿನಲ್ಲೂ ಹಂತಗಳಿವೆ: ಕೆಂಪು ಗುರುತಿನದು ಸಾಮಾನ್ಯ ಚೆಂಡಿಗಿಂತ ಶೇ 75ರಷ್ಟು ನಿಧಾನ, ಕಿತ್ತಳೆ ಶೇ 50, ಹಸಿರು ಶೇ 25. ಮೈಸೂರಿನಲ್ಲಿರುವ ನನ್ನ ಅಕ್ಕನ ಮಗಳು ಹತ್ತನೆಯ ವಯಸ್ಸಿಗೇ ಅವಳಪ್ಪನ 300 ಗ್ರಾಮಿನ ರ‍್ಯಾಕೆಟ್ ಹಿಡಿದಿದ್ದಳು. ಭಾರ ತಡೆಯಲಾರದೆ ಫೋರ್‌ಹ್ಯಾಂಡನ್ನೂ ಎರಡು ಕೈಯಲ್ಲಿ ಹೊಡೆಯುವ ಅಭ್ಯಾಸ ಬಿತ್ತು. ಅದನ್ನು ಬಿಡಿಸಲು ಅವಳ ಕೋಚ್‌ಗೆ ಒಂದು ವರ್ಷ ಹಿಡಿಯಿತು. 26 ಅಂಗುಲದ್ದು ಕೊಡಿಸಿದ ವಾರದಲ್ಲೇ ಅವಳ ಭುಜ ಕೆಳಗಿಳಿದದ್ದನ್ನು ನಾನು ಕಣ್ಣಾರೆ ಕಂಡೆ. ಈಗ ಹದಿನೈದು, 27 ಅಂಗುಲದ, 285 ಗ್ರಾಮಿನದನ್ನು ಆಡುತ್ತಿದ್ದಾಳೆ.

ಕೊಳ್ಳುವಾಗ

ಮೊದಲ ಆರು ತಿಂಗಳು ಆಡುವವರಿಗೆ ದುಬಾರಿ ಗ್ರಾಫೈಟ್ ಬೇಡ. ಎರಡು ಮೂರು ಸಾವಿರದ ಅಲ್ಯೂಮಿನಿಯಂ ಸಾಕು. ಆಟ ಹಿಡಿಸಿದ ಮೇಲೆ, ಒಂದು ಹೊಸದರ ಬದಲು ಹಿಂದಿನ ಸಾಲಿನ ಮಾದರಿಯನ್ನು ಹುಡುಕಿ. ಪ್ರತಿ ಎರಡು ಮೂರು ವರ್ಷಕ್ಕೆ ಹೊಸ ಆವೃತ್ತಿ ಬಂದಾಗ ಹಳೆಯದರ ಬೆಲೆ ಇಳಿಯುತ್ತದೆ, ಆಟದಲ್ಲಿ ವ್ಯತ್ಯಾಸ ಅತ್ಯಲ್ಪ. ಬಳಸಿದ್ದನ್ನು ಕೊಳ್ಳುವುದಾದರೆ ತಲೆಯ ತುದಿಯಲ್ಲಿ, ಕತ್ತಿನಲ್ಲಿ ಉಗುರು ಆಡಿಸಿ ನೋಡಿ. ಬಣ್ಣ ಕೆರೆದಿದ್ದರೆ ಚಿಂತೆಯಿಲ್ಲ, ಕೂದಲಿನಂಥ ಗೆರೆಗೆ ಉಗುರು ಸಿಕ್ಕಿದರೆ ಅದು ಬಿರುಕು. ಮಾರುಕಟ್ಟೆಯ ಅರ್ಧ ಬೆಲೆಗೆ ಹೊಚ್ಚ ಹೊಸದು ಎಂದು ಅಂತರ್ಜಾಲದಲ್ಲಿ ಕಂಡರೆ ನಕಲಿ ಎಂದೇ ತಿಳಿಯಿರಿ.

ಕೊನೆಗೆ ಎರಡೋ ಮೂರೋ ರ‍್ಯಾಕೆಟ್ ಉಳಿದಾಗ, ಅವುಗಳನ್ನು ಇಟ್ಟುಕೊಂಡಿರುವ ಗೆಳೆಯರಿಂದ ಒಂದೊಂದು ವಾರ ಕೇಳಿ ಪಡೆಯಿರಿ. ಟೆನಿಸ್ ಆಡುವವರು ಇದಕ್ಕೆ ಇಲ್ಲವೆನ್ನುವುದು ಅಪರೂಪ. ಕೆಲವು ಅಂಗಡಿಗಳೂ ಪ್ರಯೋಗಕ್ಕೆ ಕೊಡುತ್ತವೆ. ಗೋಡೆಗೆ ಹೊಡೆದು ನೋಡಬೇಡಿ, ಪಂದ್ಯ ಆಡಿ. ಮೊದಲ ಅರ್ಧ ಗಂಟೆಯ ಅಭಿಪ್ರಾಯವನ್ನು ಬದಿಗಿಡಿ, ಹೊಸದೆಲ್ಲ ಆಗ ಚೆನ್ನಾಗಿಯೇ ಕಾಣುತ್ತದೆ. ದಣಿದ ಮೇಲೆ ಎರಡನೆಯ ಸರ್ವ್ ಒಳಗೆ ಬೀಳುತ್ತಿದೆಯೇ, ಓಡಿಹೋಗಿ ಹೊಡೆದ ಬ್ಯಾಕ್‌ಹ್ಯಾಂಡ್ ನೆಟ್ ದಾಟುತ್ತಿದೆಯೇ ನೋಡಿ. ಮರುದಿನ ಬೆಳಿಗ್ಗೆ ಎದ್ದು ಹಾಲು ತುಂಬಿದ ಪಾತ್ರೆಯನ್ನು ಆಡುವ ಕೈಯಲ್ಲೇ ಎತ್ತಿ ನೋಡಿ. ಮೊಣಕೈಯ ಹೊರಬದಿ ಚುಳ್ಳೆಂದರೆ, ಎಷ್ಟೇ ಚೆನ್ನಾಗಿ ಆಡಿದ್ದರೂ, ಆ ರ‍್ಯಾಕೆಟ್ಟನ್ನು ಅದರ ಒಡೆಯರಿಗೆ ಹಿಂದಿರುಗಿಸಿ ಮುಂದಿನದನ್ನು ಕೇಳಿ.